ಕುಬಿಹಾಳದಲ್ಲಿ ಕುಂಡಲಿನಿ ಎದ್ದ ಪ್ರಸಂಗ

ನನಗೆ ಬಾರದ ವಿದ್ಯೆ ಬಹಳ, ಬರುವುದು ಒಂದೇ. ನಮ್ಮೂರು ಯರಗುಪ್ಪಿಯಲ್ಲಿ ಯಾರೇ ಮಾತಾಡಲಿ, ಮರುದಿನ ಅವರ ದನಿ ನನ್ನ ಗಂಟಲಲ್ಲಿ! ಮಠದಲ್ಲಿ ಪ್ರವಚನ ಹೇಳುವ ಶಾಸ್ತ್ರಿಗಳಂತೂ ಅಗದಿ ಕಂಠಪಾಠ. ಅವರ ಮೂಗಿನ ರಾಗ, ಎತ್ತಿದ ಅಂಗೈ, ಯಾವ ಹೆಣ್ಣುಮಗಳು ಎದುರಾದರೂ 'ತಾಯಿ' ಎನ್ನುವ ವೈಖರಿ, ಎಲ್ಲ.

ಹೀಗಾಗಿ ಕುಬಿಹಾಳಕ್ಕೆ ಹೆಣ್ಣು ನೋಡಲು ಹೊರಟಾಗ ನನಗೆ ಎಳ್ಳಷ್ಟೂ ಅಂಜಿಕೆ ಇರಲಿಲ್ಲ. ಹುಡುಗಿ ಗಂಗವ್ವನನ್ನು ಸಂತೆಯಲ್ಲಿ ಒಮ್ಮೆ ಕಂಡು ಆಗಲೇ ಮನಸೋತಿದ್ದೆ. ಆಕೆಯ ಅಪ್ಪ ಶಿವಪ್ಪನವರು ಭಜನೆಯ ಮನುಷ್ಯರು; ಕಂಡದ್ದಕ್ಕೆಲ್ಲ ಒಳಾರ್ಥ ಕೇಳುವವರು. ಅದನ್ನು ಹೇಳಿದವನಿಗೇ ಮಗಳನ್ನು ಕೊಡುವವರು!

"ಅಲ್ಲಿ ಅಣಕ ಗಿಣಕ ಮಾಡಿದ್ಯೋ, ಹಲ್ಲ ಉದರಸ್ತೇನಿ ನೋಡಲೇ," ಎಂದು ಜೊತೆಗೆ ಹೊರಟ ಕಾಕಾ ಬಸ್ಸಿನಲ್ಲೇ ಎಚ್ಚರಿಸಿದ. ನಾನು ಹೊಸ ಬೆಲ್‌ಬಾಟಮ್ ಪ್ಯಾಂಟು ಝಾಡಿಸಿಕೊಂಡೆ.

ಶಿವಪ್ಪನವರು ಮುಂಜಾನೆಯಿಂದ ಬಸ್ಸಿನ ದಾರಿ ಕಾದು, ನಮ್ಮನ್ನು ಮನೆಗೆ ಕರೆದೊಯ್ದರು. ಪಡಸಾಲೆಗೆ ಕಾಲಿಟ್ಟರೆ, ದೇವರ ಕೋಣೆಯ ಮುಂದೆ ಬೂದಿಯ ದುಂಡು ಗೆರೆ. ನಡುವೆ ಬೋರಲು ಹಾಕಿದ ಬುಟ್ಟಿ. ಅದರ ಮೇಲೊಂದು ಗುಂಡುಕಲ್ಲು. ಕಲ್ಲಿಗೆ ವಿಭೂತಿ, ಅರಿಷಿಣ, ಕುಂಕುಮ!

"ಇದೇನಿದು? ಮುಂಜಾನಿ ನಾ ಹೋಗೂಮುಂದ ಇರಲಿಲ್ಲಲಾ!" ಎಂದರು ಶಿವಪ್ಪನವರು.

ನನಗಾಗಿಯೇ ಕೇಳಿದ ಪ್ರಶ್ನೆ! ಗಂಟಲೊಳಗಿನ ಶಾಸ್ತ್ರಿಗಳು ಎದ್ದು ಕೂತರು.

"ಕೇಳಿರಿ ಶರಣರೇ! ಬೂದಿಯ ಗೆರೆಯೆಂದರೆ ಸಂಸಾರ. ಬೋರಲು ಬುಟ್ಟಿಯೆಂದರೆ ಈ ದೇಹ. ಮೇಲಿನ ಕಲ್ಲು ಅಹಂಕಾರ. ಒಳಗೆ ಕುಂಡಲಿನೀ ಶಕ್ತಿ, ಸರ್ಪದಂತೆ ಸುರುಳಿ ಸುತ್ತಿ ಮಲಗಿದೆ!"

"ಆಹಾ!" ಶಿವಪ್ಪನವರ ಕಣ್ಣು ಒದ್ದೆಯಾದವು. "ಇಂಥಾ ಅಳಿಯ ಎಲ್ಲಿ ಹುಡಕಿದ್ರೂ ಸಿಗಾಂಗಿಲ್ಲ ಬಿಡ್ರಿ!"

ಅವಲಕ್ಕಿ ತಾಟು ಹಿಡಿದು ಬಂದ ಗಂಗವ್ವ ಗಾಬರಿಯಾದಳು. "ಅದನ್ನ ಮುಟ್ಟಬ್ಯಾಡ್ರಿ! ಅದರಾಗ..."

ನಾನು ಅಂಗೈ ಎತ್ತಿದೆ. "ಸುಮ್ಮನಿರು, ತಾಯಿ! ಅಹಂಕಾರ ಸರಿಸಿದರೆ ಶಕ್ತಿ ತಾನೇ ಮೇಲೇರುತ್ತದೆ!" ಎನ್ನುತ್ತ ಕಲ್ಲು ಸರಿಸಿ ಬುಟ್ಟಿ ಎತ್ತಿದೆ.

ಹಾವು!

ಮನೆ ಹೊಕ್ಕ ಕೇರೆ ಹಾವಿನ ಮರಿಯನ್ನು ಗಂಗವ್ವನೇ ಮುಚ್ಚಿಟ್ಟು, ದಾಟಬಾರದೆಂದು ಸುತ್ತ ಬೂದಿ ಎಳೆದಿದ್ದಳಂತೆ, ಅಪ್ಪ ಬಂದ ಮೇಲೆ ಹೊಲಕ್ಕೆ ಬಿಡಲೆಂದು. ನಾಗಪ್ಪ ಮುನಿಯಬಾರದೆಂದು ಅಜ್ಜಿ ಕುಂಕುಮ ಏರಿಸಿದ್ದಳಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಅದು ನನ್ನ ಬೆಲ್‌ಬಾಟಮ್ಮಿನತ್ತ ಹೊರಟಿದೆ! ಅಷ್ಟು ಅಗಲದ ಬಾಯಿ ಕಂಡರೆ ಯಾವ ಹಾವಿಗೆ ತಾನೇ ಹುತ್ತ ಅನ್ನಿಸುವುದಿಲ್ಲ?

ಶಕ್ತಿ ಮೇಲೇರಲಿಲ್ಲ. ನಾನೇರಿದೆ! ಜೋಳದ ಚೀಲಗಳ ಒಟ್ಟಿಲಿನ ತುದಿಗೆ, ಜಂತಿ ಅಪ್ಪಿಕೊಂಡು. "ಯವ್ವಾ! ಸತ್ನೋ!" ಬಹಳ ದಿನಗಳ ಮೇಲೆ ನನ್ನ ಸ್ವಂತ ದನಿ ನನಗೆ ಕೇಳಿಸಿತು.

ಇದಕ್ಕೂ ಒಳಾರ್ಥ ಇದ್ದೀತೆಂದು ಶಿವಪ್ಪನವರು, ಪಾಪ, ಕೈಮುಗಿದು ನಿಂತಿದ್ದರು!

ಗಂಗವ್ವ ತಾಟನ್ನು ಕಾಕಾನ ಕೈಗಿತ್ತಳು. ಮರಿಯನ್ನು ಕೋಲಿನಿಂದ ಮೆಲ್ಲಗೆ ತಡೆದು, ಬುಟ್ಟಿಯನ್ನು ಮತ್ತೆ ಬೋರಲು ಹಾಕಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ಅಂಜಬ್ಯಾಡಪಾ ಮಗನ, ಇಳಿ. ತಾಯಿ ಅದಾಳ."

ಕಾಕಾ ನನ್ನ ಪಾಲಿನ ಅವಲಕ್ಕಿಯನ್ನೂ ತಿನ್ನತೊಡಗಿದ.

ಚೀಲ ಏರುವಾಗ ನಾನು ವರನಾಗಿದ್ದೆ. ಇಳಿಯುವಾಗ ಮಗನಾಗಿದ್ದೆ!