ಗೆರೆ ಎಳೆದ ಕಲ್ಲು ಮತ್ತು ನನ್ನ ಒಡ್ಡು

ಮೀಟಿಂಗು ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸುಮ್ಮನೆ ಕೂತು ಇನ್ನೊಬ್ಬರ ಮಾತು ಕೇಳುವ ಅಭ್ಯಾಸ ಅಲ್ಲಿಗೇ ನಿಂತಿತು. ಮನೆಯಲ್ಲಿ ನಾನು ಹೇಳುತ್ತೇನೆ, ಉಳಿದವರು ಕೇಳುತ್ತಾರೆ ಅಥವಾ ಕೇಳಿದ ಹಾಗೆ ಮಾಡುತ್ತಾರೆ, ಕೆಲಸ ಮುಗಿಯುತ್ತದೆ. ಮೀಟಿಂಗಿನಲ್ಲಿ ಹಾಗಲ್ಲ. ಒಬ್ಬರು ಸ್ವಾಗತ ಮಾಡುತ್ತಾರೆ, ಒಬ್ಬರು ವಂದನೆ ಹೇಳುತ್ತಾರೆ, ನಡುವೆ ಖಾರದ ಅವಲಕ್ಕಿ ಬರುತ್ತದೆ. ಅದೊಂದೇ ಪ್ರಯೋಜನ. ಇಂಥ ನಾನು ಈಗ ಒಂದು ಸಮಿತಿಯ ಮೆಂಬರು. ಅದೂ ಹೊಳೆಯ ಸಮಿತಿ. "ಹೊಳೆಗೆ ಎಂತ ಸಮಿತಿಯೇ, ಅದು ಅದರ ಪಾಡಿಗೆ ಹರೀತದೆ" ಎಂದು ನನ್ನ ತಂಗಿ ಇವತ್ತಿಗೂ ನಗುತ್ತಾಳೆ. ಅವಳು ತಾಳಗುಪ್ಪದಲ್ಲಿ ನಲ್ಲಿ ತಿರುಗಿಸಿ ನೀರು ಕುಡಿಯುವವಳು, ಅವಳ ಮಾತು ಬಿಡಿ.

ನಮ್ಮ ಹೊಳೆ ದೊಡ್ಡದೇನಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೊನೆಯ ಗುಡ್ಡದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕಿನ ನಮ್ಮ ಗದ್ದೆಗಳ ಬದಿಯಲ್ಲಿ ಹಾದು, ಸಾಗರ ತಾಲ್ಲೂಕಿಗೆ ಸೇರಿದ ಕೆಳಗಿನ ಕೇರಿಯನ್ನು ದಾಟಿ ಹಿನ್ನೀರಿಗೆ ಬೀಳುತ್ತದೆ. ಅದಕ್ಕೆ ತಾಲ್ಲೂಕು ಗೊತ್ತಿಲ್ಲ, ಹಾಗಾಗಿ ತಾಲ್ಲೂಕಿನವರಿಗೂ ಅದು ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ನೀರಿನ ತಕರಾರು ಎದ್ದಾಗ ಈ ಆಫೀಸಿನವರು ಆ ಆಫೀಸಿಗೆ ಹೋಗಿ ಎನ್ನುತ್ತಿದ್ದರು, ಆ ಆಫೀಸಿನವರು ಇನ್ನೊಂದಕ್ಕೆ. ಒಮ್ಮೆ ನಾನೂ ಅರ್ಜಿ ಹಿಡಿದು ಹೋಗಿದ್ದೆ. ಗುಮಾಸ್ತ ಹೊಳೆಯ ಸರ್ವೆ ನಂಬರು ಕೇಳಿದ. ಹೊಳೆಯನ್ನೇ ಕೇಳಿಕೊಂಡು ಬರುತ್ತೇನೆ ಎಂದು ಹೊರಟು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವನಾದರೂ ಏನು ಮಾಡಿಯಾನು, ಅವನ ಕಾಗದದಲ್ಲಿ ಆ ಜಾಗ ಖಾಲಿ ಇತ್ತು.

ನೀರಿನ ವಿಷಯದಲ್ಲಿ ನಮ್ಮನ್ನು ಯಾರೂ ಕೇಳುವ ಪದ್ಧತಿ ಇರಲಿಲ್ಲ ಎನ್ನುವುದೂ ನಿಜ. ನನ್ನ ತವರು ಹೊಳೆಬಾಗಿಲಿನ ಕಡೆ. ಈಗ ಲಾಂಚು ಓಡಾಡುವ ಕಡೆ ಎಲ್ಲೋ ನೀರಿನಡಿ ನಮ್ಮ ಕೊಟ್ಟಿಗೆ ಇದೆ. ಕರೆಂಟಿಗೆ ಅಣೆಕಟ್ಟು ಬೇಕು ಎಂದು ದೂರದಲ್ಲಿ ಕೂತವರು ತೀರ್ಮಾನ ಮಾಡಿದರು, ನಮ್ಮಪ್ಪನಿಗೆ ಚೀಟಿ ಬಂತು, ಹೊರಟೆವು. ಅತ್ತದ್ದು ಆಗಲೇ ಮುಗಿದಿದೆ, ಈಗ ಮತ್ತೆ ಅಳುವ ಉದ್ದೇಶವಿಲ್ಲ. ಆದರೆ ಈ ಸಮಿತಿಯ ಮೊದಲ ಸಭೆಯಲ್ಲಿ ಒಬ್ಬ ಮನುಷ್ಯ ನನ್ನ ಕಡೆ ತಿರುಗಿ "ನಿಮಗೆ ಎಂತ ಅನ್ನಿಸ್ತದೆ?" ಎಂದು ಕೇಳಿದಾಗ ನಾನು ಹಿಂದೆ ಯಾರಾದರೂ ಕೂತಿದ್ದಾರೋ ಎಂದು ತಿರುಗಿ ನೋಡಿದೆ.

ಆ ಮನುಷ್ಯ ಮಂಜಪ್ಪ, ಸಮಿತಿಯ ಕಾರ್ಯದರ್ಶಿ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವನು. ನನ್ನನ್ನು ಮೆಂಬರು ಮಾಡಲು ಮನೆಗೆ ಬಂದವನೂ ಅವನೇ.

"ಗೌರಮ್ಮ, ಊರಿಗೊಬ್ಬರು ಹೆಂಗಸರು ಇರ್ಬೇಕು ಅಂತ ಮಾಡ್ಕೊಂಡಿದ್ದೀವಿ. ನೀವು ಬನ್ನಿ."

"ಹೆಂಗಸು ಬೇಕಾದ್ರೆ ನನ್ನ ಸೊಸೆ ಸುಮಿತ್ರ ಇದ್ದಾಳೆ. ಓದಿದವಳು."

"ಅವರನ್ನ ಕೇಳಿಯೇ ಬಂದೆ. ಅತ್ತೇನ ಕರ್ಕೊಂಡು ಹೋಗಿ, ತಿಂಗಳಿಗೆ ಒಂದು ದಿನವಾದ್ರೂ ಮನೆ ತಣ್ಣಗಿರ್ಲಿ ಅಂದ್ರು."

ಹೀಗೆ ನಾನು ಸಾರ್ವಜನಿಕ ಜೀವನಕ್ಕೆ ಬಂದೆ. ಆಫೀಸಿನವರನ್ನು ಕಾಯದೆ ನಾವೇ ಕಟ್ಟಿಕೊಂಡ ಸಮಿತಿ ಇದು. ಮೂರು ತಾಲ್ಲೂಕಿನ ಜನ, ಹೊಳೆಯ ತಲೆಯಿಂದ ಬಾಲದವರೆಗೆ ಇರುವವರು, ಹೊಳೆ ನಡುವಿನ ಹಾಸುಬಂಡೆಯ ಮೇಲೆ ಕೂತು ಸಭೆ ಮಾಡುತ್ತೇವೆ. ಕುರ್ಚಿ ಇಲ್ಲ, ಹಾಗಾಗಿ ಅಧ್ಯಕ್ಷರು ಯಾರೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮಂಜಪ್ಪ ಸಭೆ ನಡೆಸುವುದು ಬಸ್ಸು ತುಂಬಿಸಿದ ಹಾಗೆಯೇ. ಮಾತು ಉದ್ದ ಮಾಡಿದವರಿಗೆ "ಸ್ವಲ್ಪ ಒಳಗೆ ಹೋಗಿ, ಹಿಂದಿನವರಿಗೂ ಜಾಗ ಬಿಡಿ" ಎನ್ನುತ್ತಾನೆ. ಜಗಳವಾಡುವವರಿಬ್ಬರನ್ನೂ ಇಳಿಸದೆ ಊರು ಮುಟ್ಟಿಸುವ ವಿದ್ಯೆ ಅವನಿಗಿದೆ. ಅದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನಾನರಿಯೆ.

ಹೊಳೆಯಲ್ಲಿ ನೀರೆಷ್ಟಿದೆ ಎಂದು ತಿಳಿದರೆ ತಾನೇ ಹಂಚುವುದು? ಒಬ್ಬರು ಲೀಟರು ಎಂದರು, ಇನ್ನೊಬ್ಬರು ಸೆಕೆಂಡಿಗೆ ಇಷ್ಟು ಎಂದರು. ನನಗೆ ತಲೆ ಕೆಟ್ಟಿತು. "ಕಲ್ಲಿನ ಮೇಲೆ ಮೂರು ಗೆರೆ ಎಳೀರಿ. ಮಕ್ಕಳಿಗೂ ಗೊತ್ತಾಗ್ತದೆ, ನನಗೂ ಗೊತ್ತಾಗ್ತದೆ" ಎಂದೆ. ಹಾಗೇ ಆಯಿತು. ಊರಿಗೊಂದು ಕಲ್ಲು, ಆಯಾ ಊರಿಗೆ ಅದರದ್ದೇ ಲೆಕ್ಕ. ನೀರು ಹಸಿರು ಗೆರೆಯಲ್ಲಿದ್ದರೆ ಎಲ್ಲರೂ ಗದ್ದೆಗೆ ಮೋಟಾರು ಹಾಕಬಹುದು. ಹಳದಿಗೆ ಇಳಿದರೆ ದಿನ ಬಿಟ್ಟು ದಿನ. ಕೆಂಪಿಗೆ ಇಳಿಯಿತೆಂದರೆ ಜನ ಜಾನುವಾರಿಗೆ ಮಾತ್ರ ನೀರು, ಬೆಳೆಗೆ ಇಲ್ಲ. ನಮ್ಮೂರಿನ ಕಲ್ಲು ನೋಡಿ ವಾರಕ್ಕೊಮ್ಮೆ ಮೊಬೈಲಿನಲ್ಲಿ ಮಾತಾಡಿ ಎಲ್ಲರಿಗೂ ಕಳಿಸುವ ಕೆಲಸ ನನ್ನದು. ಬರೆಯುವ ತಾಪತ್ರಯ ಇಲ್ಲ. "ನಾನು ಗೌರಮ್ಮ, ನೀರು ಹಸಿರಿನಲ್ಲಿದೆ" ಎಂದರೆ ಮುಗಿಯಿತು. ಸರ್ಕಾರವೇ ನನ್ನ ಬಾಯಲ್ಲಿ ಮಾತಾಡಿದ ಹಾಗೆ ಆಗುತ್ತಿತ್ತು.

ಈಗ ತಪ್ಪೊಪ್ಪಿಗೆಗೆ ಬರುತ್ತೇನೆ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ನಾನು ಸೌತೆ, ಬದನೆ, ಹರಿವೆ ಬೆಳೆಯುತ್ತೇನೆ. ಅದಕ್ಕೆ ನೀರು ನಿಲ್ಲಿಸಲು ಪ್ರತಿ ವರ್ಷ ಹೊಳೆಗೆ ಅಡ್ಡ ಕಲ್ಲು, ಮಣ್ಣು, ಸೊಪ್ಪು ಹಾಕಿ ಒಡ್ಡು ಕಟ್ಟುವುದುಂಟು. ಸಮಿತಿಯ ಒಪ್ಪಿಗೆ ಇದೆ, ನಡುವೆ ನೀರು ಹರಿಯಲು ಒಂದು ಗೇಣು ಕಂಡಿ ಬಿಡಬೇಕು, ಅಷ್ಟೆ. ಕಳೆದ ವರ್ಷ ಹಳೇ ಜಾಗದಲ್ಲಿ ದಡ ಕುಸಿದಿತ್ತು. ಇಪ್ಪತ್ತು ಹೆಜ್ಜೆ ಕೆಳಗೆ ಕಟ್ಟಿಸಿದೆ. ಒಡ್ಡು ಚೆನ್ನಾಗಿ ನಿಂತಿತು. ಹಿಂದೆ ಮಡುವಾಯಿತು. ಆ ಮಡುವಿನ ನಡುವೆ, ಅಲ್ಲಿಯವರೆಗೆ ಒಡ್ಡಿನ ಕೆಳಗಿರುತ್ತಿದ್ದ ನಮ್ಮ ಗೆರೆಯ ಕಲ್ಲು ಸೊಂಟದ ಮಟ್ಟ ನೀರಿನಲ್ಲಿ ಎಮ್ಮೆಯ ಹಾಗೆ ಸುಖವಾಗಿ ಕೂತಿತು. ಏಪ್ರಿಲ್ ಬಂತು, ಬಿಸಿಲು ಏರಿತು, ಮೇಲಿನವರ ಕಲ್ಲು ಹಳದಿಗೆ ಬಂತು, ನಮ್ಮದು ಹಸಿರು. ನಾನು ಪ್ರತಿ ವಾರ ಗಟ್ಟಿ ದನಿಯಲ್ಲಿ ಹಸಿರು ಹಸಿರು ಎಂದು ಸಾರಿದೆ. ಬೇಕೆಂದು ಮಾಡಿದ್ದಲ್ಲ. ಮೊದಲ ಎರಡು ವಾರ ನಿಜವಾಗಿಯೂ ತಿಳಿಯಲಿಲ್ಲ. ಮೂರನೇ ವಾರ ತಿಳಿಯಿತು. ನಾಲ್ಕನೇ ವಾರವೂ ಹಸಿರು ಎಂದೆ. ಕಲ್ಲಿನಲ್ಲಿ ಇದ್ದದ್ದನ್ನು ತಾನೇ ಹೇಳುತ್ತಿರುವುದು ಎಂದು ಸಮಾಧಾನ ಮಾಡಿಕೊಂಡೆ. ಸೌತೆ ಬಳ್ಳಿ ಆಗ ಹೂ ಬಿಟ್ಟಿತ್ತು. ಕಂಡಿಗೆ ಎಲೆ ಕಟ್ಟಿಕೊಂಡಿತ್ತು. ಅದನ್ನು ಬಿಡಿಸಲು ಸೊಂಟ ನೋವೆಂಬ ನೆಪವೂ ಇತ್ತು.

ಕೆಳಗಿನ ಕೇರಿಯಲ್ಲಿ ಗುಲಾಬಿ ಎಂಬವಳಿದ್ದಾಳೆ, ಅವಳೂ ಮೆಂಬರು. ಅಲ್ಲಿ ಹತ್ತು ಹನ್ನೆರಡು ಮನೆಗೆ ಇರುವುದು ಒಂದೇ ಬಾವಿ. ಹೊಳೆ ಹರಿದರೆ ಮರಳಿನ ಕೆಳಗಿಂದ ಒರತೆ ಬಂದು ಬಾವಿ ತುಂಬುತ್ತದೆ, ಹೊಳೆ ನಿಂತರೆ ಅದೂ ನಿಂತಿತು. ಒಂದು ಬೆಳಿಗ್ಗೆ ಗುಲಾಬಿ ಖಾಲಿ ಕೊಡ ಕಂಕುಳಲ್ಲಿ ಇಟ್ಟುಕೊಂಡು ಒಣಗಿದ ಹೊಳೆಯ ಒಳಗೇ ನಡೆಯುತ್ತಾ ಮೇಲೆ ಬಂದಳು. ನನ್ನ ಒಡ್ಡಿನ ಕೆಳಗೆ ನಿಂತು ಮೇಲೆ ನೋಡಿದಳು. ನಾನು ದಡದಲ್ಲಿ ಹರಿವೆ ಕೀಳುತ್ತಿದ್ದೆ.

"ದೊಡ್ಡಮ್ಮ, ಮೊನ್ನೆ ಹಸಿರು ಅಂದ್ರಲ್ಲ."

"ಕಲ್ಲು ನೋಡಿಯೇ ಹೇಳಿದ್ದು ಮಾರಾಯ್ತಿ."

"ಕಲ್ಲನ್ನ ನೀರಲ್ಲಿ ನೆನೆ ಹಾಕಿದ್ದೀರಲ್ಲ, ಇನ್ನೆಂತ ಹೇಳ್ತದೆ ಅದು. ನಮ್ಮ ಬಾವೀಲಿ ಎರಡು ದಿನದಿಂದ ಕೆಸರು. ಸಣ್ಣ ಮಗು ಇರೋ ಮನೆಗೆ ನಿನ್ನೆ ಪಕ್ಕದೂರಿಂದ ಹೊತ್ತು ತಂದೆ."

ಸಿಕ್ಕಿಬಿದ್ದಾಗ ನಾನು ಜೋರು ಮಾಡುವುದು ವಾಡಿಕೆ, ಅವತ್ತು ಬಗ್ಗಿ ಹರಿವೆ ಕಿತ್ತೆ. ಅವಳು ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮಾರನೇ ದಿನವೇ ಸಭೆ ಸೇರಿತು, ಹಾಸುಬಂಡೆಯ ಮೇಲೆ ಅಲ್ಲ, ನನ್ನ ಒಡ್ಡಿನ ಮೇಲೆ. ಇದನ್ನು ನಾನು ಮೆಚ್ಚಿಕೊಂಡೇ ಹೇಳುತ್ತೇನೆ. ಆಫೀಸಾಗಿದ್ದರೆ ನೋಟೀಸು ಬರುವಷ್ಟರಲ್ಲಿ ಮಳೆಗಾಲ ಬಂದು ಒಡ್ಡನ್ನೂ ಸಾಕ್ಷಿಯನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಇಲ್ಲಿ ಎಲ್ಲರೂ ಕಣ್ಣಾರೆ ಕಂಡರು. ಒಬ್ಬರೂ ಭಾಷಣ ಮಾಡಲಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬರು "ಇವರು ಮೆಂಬರು, ಇವರೇ ಹೀಗೆ ಮಾಡಿದ್ರೆ" ಎಂದು ಶುರು ಮಾಡಿದಾಗ ಮಂಜಪ್ಪ "ಸ್ವಲ್ಪ ಒಳಗೆ ಹೋಗಿ" ಎಂದ. ಆಮೇಲೆ ನನ್ನನ್ನೇ ಕೇಳಿದ, ಮೊದಲ ದಿನ ಕೇಳಿದ ಹಾಗೆಯೇ.

"ನಾನು ನಾಲ್ಕನೇ ವಾರ ಗೊತ್ತಿದ್ದೇ ಹೇಳಿದ್ದು" ಎಂದೆ. ನಾಲ್ಕನೇ ವಾರದ ಸುದ್ದಿ ಯಾರೂ ಕೇಳಿರಲಿಲ್ಲ, ಆದರೂ ಬಾಯಿಗೆ ಬಂತು.

ಆಮೇಲೆ ಗುಲಾಬಿಯೇ ಮಾತಾಡಿದಳು. "ಅವರವರ ಕಲ್ಲು ಅವರವರೇ ನೋಡಿದ್ರೆ ನಾನೂ ಹಿಂಗೇ ಮಾಡ್ತಿದ್ದೆ. ಮೇಲಿನವರ ಕಲ್ಲು ಕೆಳಗಿನವರು ನೋಡ್ಲಿ, ಕೆಳಗಿನವರದ್ದು ಮೇಲಿನವರು ನೋಡ್ಲಿ. ಯಾರ ಬಾವೀಲಿ ಎಂತ ಇದೆ ಅಂತ ಆಗ ಗೊತ್ತಾಗ್ತದೆ."

ಯಾವ ಊರಿನ ಕಲ್ಲು ಕೆಂಪಾದರೂ ಎಲ್ಲರ ಮೋಟಾರೂ ನಿಲ್ಲಬೇಕು ಎಂದೂ ಆಯಿತು. ಅಷ್ಟೇ ತೀರ್ಮಾನ. ಒಡ್ಡನ್ನು ಅಲ್ಲೇ ಕೈಯಾರೆ ಬಿಚ್ಚಿದರು. ಹಾರೆ ತಂದುಕೊಟ್ಟವಳು ನನ್ನ ಸೊಸೆ ಸುಮಿತ್ರ. ಅವಳ ಮುಖದಲ್ಲಿ ಅಷ್ಟು ಉತ್ಸಾಹವನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ. ಸಂಜೆಯೊಳಗೆ ಕೆಳಗಿನ ಬಾವಿಯಲ್ಲಿ ಒರತೆ ಕಾಣಿಸಿತಂತೆ. ಇಂಥ ಮಾತು ಹೇಳುವ ಬುದ್ಧಿ ಗುಲಾಬಿಗೆ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಎರಡು ದಿನ ಕೆಸರು ನೀರು ಸೋಸಿ ಕುಡಿದವಳು ಅಷ್ಟು ನೆಟ್ಟಗೆ, ಅಷ್ಟು ಸಿಟ್ಟಿಲ್ಲದೆ ಯೋಚಿಸುವುದೆಂದರೆ ಸಣ್ಣ ವಿಷಯವಲ್ಲ.

ಅಂದಿನಿಂದ ಪ್ರತಿ ಮಂಗಳವಾರ ನಾನು ಕೆಳಗಿನ ಕೇರಿಗೆ ಇಳಿದು ಅವರ ಕಲ್ಲು ನೋಡುತ್ತೇನೆ. ಮೇ ತಿಂಗಳಲ್ಲಿ ಒಂದು ದಿನ ಹೋದಾಗ ನೀರು ಕೆಂಪು ಗೆರೆಗೆ ಮುಟ್ಟಿತ್ತು. ನನ್ನ ಸೌತೆ ಎಳೆಕಾಯಿ ಬಿಟ್ಟ ಸಮಯ. ತಕ್ಷಣ ಸಾರಿದರೆ ನನ್ನ ಮೋಟಾರೂ ನಿಲ್ಲಬೇಕು. ಮನೆಗೆ ಹೋಗಿ ಸಾರಿದರೆ ಅಷ್ಟರೊಳಗೆ ಬಳ್ಳಿಗೆ ಒಂದು ಸಲ ನೀರಾಗುತ್ತದೆ. ಮೊಬೈಲನ್ನು ಸೆರಗಿಗೆ ಕಟ್ಟಿಕೊಂಡೆ. ಗುಲಾಬಿ ಪಕ್ಕದಲ್ಲೇ ಇದ್ದಳು.

"ಎಂತ ದೊಡ್ಡಮ್ಮ, ಹೇಳಲ್ವಾ?"

"ಮನೆಗೆ ಹೋಗಿ ಹೇಳ್ತೀನಿ ಮಾರಾಯ್ತಿ. ಏದುಸಿರು ಬರ್ತಿದೆ."

"ನೀವು ಇಳಿದು ಬಂದಿದ್ದು, ಹತ್ತಿದ್ದಲ್ಲ. ಇಳಿಯೋಕೆ ಎಂತ ಏದುಸಿರು?" ಎಂದವಳು ಒಳಗೆ ಹೋಗಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ಮುಂದಿಟ್ಟಳು. "ಕುಡೀರಿ. ನಿಧಾನಕ್ಕೆ ಹೇಳಿ. ನಾನು ಇಲ್ಲೇ ಕೂತಿರ್ತೀನಿ."

ಆ ಬಾವಿಯ ನೀರು ಕುಡಿದು, ಅವಳ ಮುಖ ನೋಡಿಕೊಂಡು, ಕೆಂಪು ಎಂದೆ. ಬೆಟ್ಟ ಹತ್ತಿ ಮನೆ ಸೇರುವಷ್ಟರಲ್ಲಿ ಸುಮಿತ್ರ ಅದನ್ನು ಮೊಬೈಲಿನಲ್ಲಿ ಕೇಳಿ ಮೋಟಾರಿನ ಫ್ಯೂಸು ಕಿತ್ತು ದೇವರ ಗೂಡಿನಲ್ಲಿ ಇಟ್ಟಿದ್ದಳು.

ಆ ಸಲ ನನ್ನ ಸೌತೆ ಹೆಬ್ಬೆರಳಿನಷ್ಟಾಗಿ ಅಲ್ಲಿಗೇ ನಿಂತಿತು. ಅದರಲ್ಲೇ ನಾಲ್ಕನ್ನು ಗುಲಾಬಿಗೆ ಕೊಟ್ಟೆ. ಕಹಿ ಇತ್ತು ಎಂದು ಅವಳು ಮುಂದಿನ ಸಭೆಯಲ್ಲಿ ಎಲ್ಲರೆದುರೇ ಹೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಇಂಥವಳು ಸಮಿತಿಯ ಅಧ್ಯಕ್ಷೆಯಾಗಬೇಕು ಎಂದು ಅಲ್ಲೇ ಸೂಚಿಸಿದವಳು ನಾನು. ಮನಸಾರೆ ಸೂಚಿಸಿದ್ದು, ಅದರಲ್ಲಿ ಸುಳ್ಳಿಲ್ಲ. ಅಧ್ಯಕ್ಷೆಯಾದರೆ ಮಂಗಳವಾರ ಮಂಗಳವಾರ ನನ್ನ ಪಕ್ಕ ಬಂದು ಕೂರಲು ಅವಳಿಗೆ ಪುರುಸೊತ್ತು ಸಿಗಲಿಕ್ಕಿಲ್ಲ ಎಂಬ ಸಣ್ಣದೊಂದು ಆಸೆಯೂ ಜೊತೆಗಿತ್ತು. ಅದೊಂದನ್ನು ಅವಳು ಇನ್ನೂ ಕಂಡುಹಿಡಿದಿಲ್ಲ ಎಂದುಕೊಂಡಿದ್ದೇನೆ.