ಸಾಹೇಬರ ಕೊಳದ ಕ್ಲೋರಿನ್

ಮನೆಯ ಈಜುಕೊಳದ ನೀರಿನಲ್ಲಿ ಕ್ಲೋರಿನ್ ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಮಿನೊಳಗೆ ಇರತಕ್ಕದ್ದು. ಒಂದಕ್ಕಿಂತ ಇಳಿದರೆ ನೀರು ಪಾಚಿಗಟ್ಟುತ್ತದೆ, ಮೂರು ದಾಟಿದರೆ ಕಣ್ಣು ಉರಿಯುತ್ತದೆ. ಈಜುಕೊಳವಿರುವ ಸಕಲರಿಗೂ ಸಮಾನವಾಗಿ ಅನ್ವಯಿಸುವ ನಿಯಮವಿದು. ನಮ್ಮ ಊರಿನಲ್ಲಿ ಅಂಥ ಮನೆ ಒಂದೇ ಇರುವುದರಿಂದ ಸಮಾನತೆಗೆ ಎಂದೂ ತೊಂದರೆಯಾಗಿಲ್ಲ. ಆ ಮನೆ ನೀರು ಸರಬರಾಜು ಕಚೇರಿಯ ದೊಡ್ಡ ಸಾಹೇಬರದು. ನಾನು ಅದೇ ಕಚೇರಿಯಲ್ಲಿ ಪ್ರಕಟಣೆ ಬರೆಯುವ ಗುಮಾಸ್ತ.

ಆ ಬೇಸಿಗೆಯಲ್ಲಿ ಕೊಳದ ನೀರು ಹಸಿರಾಯಿತು. ಸಾಹೇಬರ ಹೆಂಡತಿ ಒಂದು ಮೆಟ್ಟಿಲು ಇಳಿದವರು ಹಾಗೇ ಹಿಂದಕ್ಕೆ ಹತ್ತಿ ಕಚೇರಿಗೆ ಫೋನ್ ಮಾಡಿದರು.

“ಅಷ್ಟೊಂದು ಜನ ಕೂತು ಸಂಬಳ ತಗೋತೀರಲ್ಲ, ಒಂದು ಕೊಳ ನೋಡ್ಕೊಳ್ಳೋಕಾಗಲ್ವಾ? ಕಾಲಿಟ್ರೆ ಜಾರತ್ತೆ!”

ಇದನ್ನು ಸಾರ್ವಜನಿಕ ದೂರು ಎಂದು ದಾಖಲಿಸಲಾಯಿತು. ಆ ವರ್ಷ ದಾಖಲಾದ ಮೊದಲ ದೂರು ಅದೇ. ಬೇರೆಯವರು ಫೋನ್ ಮಾಡಿದಾಗಲೆಲ್ಲ ನಮ್ಮ ಫೋನ್ ಕೆಟ್ಟಿರುತ್ತಿತ್ತು.

ನೀರು ಪರೀಕ್ಷಕರು ಎದ್ದೆನೋ ಬಿದ್ದೆನೋ ಎಂದು ಓಡಿದರು. ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಹಾಕಿ, ಹಳದಿ ಬಣ್ಣ ಎಷ್ಟು ಗಾಢವಾಗಿ ಬಂತೆಂದು ನೋಡುವುದು ಅವರ ಕೆಲಸ. ಹಳದಿ ಬರಲೇ ಇಲ್ಲ. ಬಿಸಿಲು ಕ್ಲೋರಿನ್ನನ್ನೆಲ್ಲ ತಿಂದುಹಾಕಿತ್ತು. ಊರಿನ ಓವರ್‌ಹೆಡ್ ಟ್ಯಾಂಕಿಗೆಂದು ಇಟ್ಟಿದ್ದ ಕ್ಲೋರಿನ್ ಪುಡಿಯ ಚೀಲಗಳು ಅಂದೇ ಸಾಹೇಬರ ಹಿತ್ತಲು ಸೇರಿದವು. ಟ್ಯಾಂಕಿಗೆ ಮುಚ್ಚಳವಿದೆ, ಕೊಳಕ್ಕಿಲ್ಲ. ನೆರಳಿಲ್ಲದವರಿಗೆ ಮೊದಲ ನೆರವು ಎಂಬುದು ಇಲಾಖೆಯ ಮಾನವೀಯ ನೀತಿ ಎಂದು ನಾನೇ ಬರೆದೆ.

ಕೊಳ ತಿಳಿಯಾಯಿತು. ಸಾಹೇಬರು ಬೆಳಿಗ್ಗೆ ಸಂಜೆ ಈಜಿದರು. ಮೈ ಮುಳುಗಿಸಿದಷ್ಟೂ ಕ್ಲೋರಿನ್ ಖರ್ಚಾಗುತ್ತದೆ, ಖರ್ಚಾದಷ್ಟೂ ಚೀಲ ಬರಬೇಕಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಕೆಲವರು ಆಡಿಕೊಂಡರು. ಬೇಲಿಗೂ ಹಸಿವೆ ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಊರಿನ ಕುಡಿಯುವ ನೀರು ಶುದ್ಧವಾಗಿದೆ ಎಂದು ಪ್ರತಿ ವಾರ ವರದಿ ಹೊರಡಿಸುವುದು ನಮ್ಮ ಪದ್ಧತಿ. ಆ ವಾರ ಪರೀಕ್ಷಕರು ಪೆಚ್ಚು ಮುಖ ಹೊತ್ತು ಸಾಹೇಬರ ಮುಂದೆ ಬಂದು ನಿಂತರು.

“ಟ್ಯಾಂಕಲ್ಲಿ ಕ್ಲೋರಿನ್ ಇಲ್ಲ ಸಾರ್.”

“ಮತ್ತೆಲ್ಲಿದೆ?”

“ನಿಮ್ಮ ಕೊಳದಲ್ಲಿ ಸಾರ್.”

“ಇಲ್ಲದಿರೋ ಕಡೆ ಯಾಕ್ರೀ ಹುಡುಕ್ತೀರಾ? ಇರೋ ಕಡೆ ನೀರು ಹಿಡೀರಿ.”

ಅಂದಿನಿಂದ ಊರಿನ ನೀರಿನ ಮಾದರಿಯನ್ನು ಸಾಹೇಬರ ಕೊಳದಲ್ಲೇ ಹಿಡಿಯಲಾಯಿತು. ಹಳದಿ ಸೊಗಸಾಗಿ ಬಂತು. ನಾನು ಬರೆದೆ: “ಊರಿನ ನೀರು ಪರಿಶುದ್ಧವಾಗಿದೆ. ಹೊಟ್ಟೆನೋವು ಬಂದವರು ಬೇರೆ ಕಾರಣ ಹುಡುಕಿಕೊಳ್ಳತಕ್ಕದ್ದು. ಇಲಾಖೆಯ ನೌಕರರು ಮನೆಯಲ್ಲಿ ನೀರು ಕುದಿಸಿದರೆ ವರದಿಯನ್ನು ಅವಮಾನಿಸಿದಂತೆ.”

ನನ್ನ ಹೆಂಡತಿ ಬಾಗಿಲು ಹಾಕಿಕೊಂಡು ಕುದಿಸುತ್ತಿದ್ದಳು. ಆದರೆ ನಮ್ಮ ಚಿಕ್ಕ ಮಗಳು ಶಾಲೆಯ ನಲ್ಲಿಗೆ ಬಾಯಿಟ್ಟಳು. ವಾಂತಿ ಭೇದಿ ಶುರುವಾಯಿತು. ಮನೆಯ ತುಂಬ ಓಡಾಡುತ್ತಿದ್ದ ಕೂಸು ಚಾಪೆಗೆ ಅಂಟಿಕೊಂಡಿತು, ಕಣ್ಣು ಗುಳಿ ಬಿದ್ದವು. ನನಗೆ ತುಂಬ ಭಯವಾಯಿತು. ಇಂಥದ್ದನ್ನು ಬರೆಯುವುದು ಪದ್ಧತಿಯಲ್ಲ, ಆದರೂ ಆಯಿತು.

“ರೀ, ನಿಜ ಹೇಳಿ,” ಅಂದಳು ಹೆಂಡತಿ, ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. “ಆ ನೀರು ಕುಡಿಬಹುದಾ?”

“ವರದಿ ಪ್ರಕಾರ ಕುಡಿಬಹುದು.”

“ವರದಿ ಬರೆದಿದ್ದು ನೀವೇ ಅಲ್ವಾ?”

“ಹೌದು. ಅದಕ್ಕೇ ಇಷ್ಟು ಖಚಿತವಾಗಿ ಹೇಳ್ತಿದೀನಿ.”

ಅವಳು ಮಗುವನ್ನು ಚಾಪೆಯ ಮೇಲೆ ಮಲಗಿಸಿ ಪಕ್ಕದ ಮನೆಗೆ ಹೊರಟಳು. ಮರುದಿನ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಖಾಲಿ ಕೊಡ ಹಿಡಿದು ಕಚೇರಿಗೇ ಬಂದಳು. ಕಚೇರಿಯ ವೇಳೆಯಾದ್ದರಿಂದ ನಾನು ಅವಳ ಗುರುತು ಹಿಡಿಯಲಿಲ್ಲ.

“ಏನಮ್ಮಾ ಇದು? ಪರೀಕ್ಷೆ ಮಾಡ್ಸಿದೀವಿ, ನೀರು ಚೆನ್ನಾಗಿದೆ,” ಅಂದರು ಸಾಹೇಬರು.

“ನೀವು ಪರೀಕ್ಷೆ ಮಾಡಿದ ನೀರು ಚೆನ್ನಾಗೇ ಇರಬಹುದು ಸಾರ್. ನಮ್ಮ ಮಕ್ಕಳಿಗೂ ಅದೇ ನೀರು ಕೊಡಿ. ಎಲ್ಲಿ ಹಿಡಿದ್ರಿ ತೋರಿಸಿ, ನಾವೇ ತುಂಬ್ಕೋತೀವಿ.”

ಪರೀಕ್ಷಕರು ಫ್ಯಾನ್ ನೋಡತೊಡಗಿದರು. ಸಾಹೇಬರು ಮಾತ್ರ ಹಾವೂ ಸಾಯದ, ಕೋಲೂ ಮುರಿಯದ ಉಪಾಯಗಳಿಗೆ ಹೆಸರಾದವರು. ವರದಿ ಸುಳ್ಳಾಗುವಂತಿಲ್ಲ. ವರದಿಯಲ್ಲಿರುವುದು ಊರಿನ ನೀರು. ಅದು ಸಿಕ್ಕಿದ್ದು ಕೊಳದಲ್ಲಿ. ಹಾಗಾದರೆ ಕೊಳವೇ ಊರಿನ ನೀರು. ಅವರು ನನ್ನ ಕಡೆ ತಿರುಗಿ, “ಬರ್ಕೊಳ್ರೀ,” ಅಂದರು.

ನಾನು ಬರೆದುಕೊಂಡೆ: “ಸಾಹೇಬರ ಹಿತ್ತಲ ಕೊಳವನ್ನು ಊರಿನ ಕುಡಿಯುವ ನೀರಿನ ಮೂಲವೆಂದು ಘೋಷಿಸಲಾಗಿದೆ. ನೀರನ್ನು ಕಲಕಿ ಕ್ಲೋರಿನ್ ಸಮನಾಗಿ ಹರಡುವ ಹೊಣೆಯನ್ನು ಸಾಹೇಬರ ಕುಟುಂಬ ಹೊತ್ತಿದೆ. ಕುಟುಂಬವು ಕಲಕುತ್ತಿರುವಾಗ ಯಾರೂ ಕೊಡ ಮುಳುಗಿಸಕೂಡದು. ಕೊಳದ ಟೈಲ್ಸು, ಪಂಪು, ಬಣ್ಣದ ಛತ್ರಿ ಹಾಗೂ ಒರಗು ಕುರ್ಚಿಗಳ ವೆಚ್ಚವನ್ನು ನೀರಿನ ಕರದಲ್ಲಿ ಸೇರಿಸಲಾಗಿದೆ.”

ಹೆಂಗಸರು ಚಪ್ಪಾಳೆ ತಟ್ಟಿದರು. ಹಿತ್ತಲ ಗೇಟಿನಿಂದ ಬೀದಿಯ ತುದಿಯವರೆಗೆ ಸಾಲು ನಿಂತಿತು. ನಮ್ಮ ಮಗಳು ಆ ನೀರು ಕುಡಿದು ಮೆಲ್ಲಗೆ ಎದ್ದು ಕೂತಳು, ಅನ್ನ ಕೇಳಿದಳು. ನನ್ನ ಕಣ್ಣಲ್ಲೂ ನೀರು ಬಂತು. ಅದರ ಕ್ಲೋರಿನ್ ಪರೀಕ್ಷೆಯಾಗಿಲ್ಲ.

ಹೆಂಡತಿ ಮಾತ್ರ ಕೊಡದೊಳಗೆ ಇಣುಕಿ ಮೂಗು ಮುರಿದಳು. ಒಂದು ಮನವಿ ಕೊಟ್ಟಳು: ಸಾಹೇಬರು ಕೊಳಕ್ಕೆ ಇಳಿಯುವ ಮುಂಚೆ ದಯವಿಟ್ಟು ನಲ್ಲಿಯ ಹತ್ತಿರ ಕಾಲಾದರೂ ತೊಳೆದುಕೊಳ್ಳಬೇಕು.

ಕೇಳಿದ್ದು ನ್ಯಾಯವೇ ಎಂದು ಇಲಾಖೆ ಒಪ್ಪಿತು. ಸಾಹೇಬರ ಕಾಲಿನ ವಿಷಯವಾದ್ದರಿಂದ ಪರೀಕ್ಷಕರು ಮೊದಲ ಬಾರಿಗೆ ನಲ್ಲಿಯ ನೀರನ್ನು ನಿಜವಾಗಿ ನಳಿಕೆಗೆ ಹಿಡಿದರು. ಹನಿ ಹಾಕಿದರು. ಬೆಳಕಿಗೆ ಎತ್ತಿ ನೋಡಿದರು. ಬೆವರು ಒರೆಸಿಕೊಂಡು ಬರೆದುಕೊಟ್ಟರು: “ಸದರಿ ನೀರು ರೋಗಕಾರಕವಾಗಿದ್ದು, ಸಾಹೇಬರ ಪಾದಗಳಿಗೆ ತಕ್ಕುದಲ್ಲ.” ಊರಿನ ಮಕ್ಕಳು ಬೇಸಿಗೆಯುದ್ದಕ್ಕೂ ಕುಡಿದ ನೀರಿನ ಬಗ್ಗೆ ಇಲಾಖೆ ಬರೆದ ಮೊದಲ ನಿಜ ಅದು.

ಹೀಗಾಗಿ ಕಾಲು ತೊಳೆಯಲು ಯೋಗ್ಯವಾದ ನೀರು ಊರಿನಲ್ಲಿ ಒಂದೇ ಕಡೆ ಇದೆ ಎಂದು ತೀರ್ಮಾನವಾಯಿತು. ಮನವಿಯನ್ನು ಪುರಸ್ಕರಿಸಲಾಯಿತು. ಸಾಹೇಬರು ಕೊಳಕ್ಕೆ ಇಳಿಯುವ ಮುಂಚೆ, ಕೊಳಕ್ಕೆ ಇಳಿದು, ಚೆನ್ನಾಗಿ ಉಜ್ಜಿ ಕಾಲು ತೊಳೆದುಕೊಳ್ಳುತ್ತಾರೆ.

ನೀರು ಬಂತಾ ಎಂದು ನಮ್ಮ ಊರಿನಲ್ಲಿ ಈಗ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಕಿಟಕಿಯಿಂದ ಪಕ್ಕದ ಮನೆಯವಳನ್ನು ಕೂಗುತ್ತಾಳೆ.

“ಅಕ್ಕಾ, ಸಾಹೇಬ್ರು ಕಾಲು ತೊಳೆದಾಯ್ತಾ?”

“ಆಯ್ತಂತೆ, ಬಾರೇ.”

ಇಬ್ಬರೂ ಕೊಡ ಎತ್ತಿಕೊಂಡು ಬೇಗಬೇಗ ಹೊರಡುತ್ತಾರೆ.