ಬಣ್ಣದಯ್ಯನ ಕ್ಯಾರೆಟ್ ಪರ್ವ

ಬಿಳಿಯಲ್ಲಿ ಎಷ್ಟು ಬಗೆ ಇವೆ ಎಂದು ಯಾರಾದರೂ ಕೇಳಿದರೆ ನಾವು ನೀವು ಬೆಪ್ಪಾಗಿ ನಿಲ್ಲುತ್ತೇವೆ. ಬಿಳಿ ಎಂದರೆ ಬಿಳಿ, ಅದರಲ್ಲೇನು ಬಗೆ? ಆದರೆ ಇದೇ ಪ್ರಶ್ನೆಯನ್ನು ಬಣ್ಣದಯ್ಯನ ಮುಂದೆ ಎತ್ತಿದಿರೋ, ಅವತ್ತಿನ ನಿಮ್ಮ ಕೆಲಸ ಕೆಟ್ಟಿತು. ಹಾಲಿನ ಬಿಳಿ, ಕೆನೆಯ ಬಿಳಿ, ಸುಣ್ಣದ ಬಿಳಿ, ಮೊಟ್ಟೆ ಚಿಪ್ಪಿನ ಬಿಳಿ, ಒಗೆದ ಬಿಳಿ, ಒಗೆದು ಒಗೆದು ಸಾಕಾದ ಬಿಳಿ ಎಂದು ಅವನು ಬೆರಳು ಮಡಚುತ್ತಾ ಕೂತರೆ ಎರಡೂ ಕೈ ಸಾಲುವುದಿಲ್ಲ. ಪೇಂಟಿನ ಅಂಗಡಿಯಲ್ಲಿ ಬಣ್ಣ ಬೆರೆಸುವುದು ಅವನ ಉದ್ಯೋಗ. ಗಿರಾಕಿ ಗೋಡೆಯಿಂದ ಕಿತ್ತ ಉಗುರಗಲದ ಚಕ್ಕೆ ತಂದು "ಇದೇ ಬಣ್ಣ ಬೇಕು" ಎಂದರೆ ಸಾಕು, ಬಣ್ಣದಯ್ಯ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ, ಆ ಬಣ್ಣವನ್ನು ಡಬ್ಬದೊಳಗೆ ಹುಟ್ಟಿಸಿ ಕೊಡುತ್ತಾನೆ. "ಯಂತ್ರ ತಪ್ಪಬಹುದು, ಈ ಕಣ್ಣು ತಪ್ಪಲ್ಲ" ಎಂಬುದು ಅವನು ದಿನಕ್ಕೊಮ್ಮೆಯಾದರೂ ಹೊರಡಿಸುವ ಘೋಷಣೆ. ಬಣ್ಣದಯ್ಯ ಎಂಬ ಹೆಸರು ಅಂಗಡಿಯವರು ಇಟ್ಟದ್ದು. ಅವನ ನಿಜವಾದ ಹೆಸರು ಈಗ ಹೆಂಡತಿಗೂ ಯೋಚಿಸಿದರೇ ನೆನಪಾಗುವುದು.

ಹೆಂಡತಿ ಬಸ್ ಕಂಡಕ್ಟರ್. ಬಾಣಂತಿ ರಜೆ ಮುಗಿದಿತ್ತು. ಅದೇ ಹೊತ್ತಿಗೆ ಮಗಳಿಗೆ ಆರು ತಿಂಗಳು ತುಂಬಿ, ಹಾಲಿನ ಜೊತೆಗೆ ಮೆಲ್ಲಗೆ ಊಟ ಶುರು ಮಾಡಿ ಎಂದು ಡಾಕ್ಟರಮ್ಮ ಅಪ್ಪಣೆ ಕೊಟ್ಟಿದ್ದರು. ಹೆಂಡತಿಗೆ ಬೆಳಗಿನ ಪಾಳಿ, ಗಂಡನಿಗೆ ಮಧ್ಯಾಹ್ನದ ಮೇಲೆ ಅಂಗಡಿ. ಪಾಳಿ ಬದಲಾಗುವಾಗ ಕಂಡಕ್ಟರುಗಳು ಚೀಲ ದಾಟಿಸುವ ಹಾಗೆ, ಈ ಮನೆಯಲ್ಲಿ ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಬೇಕಿತ್ತು. ಬೆಳಗಿನ ತಿಂಡಿಯ ಹೊಣೆ ಯಾರದು ಎಂಬ ಮಾತು ಬಂದಾಗ ಬಣ್ಣದಯ್ಯ ಎದೆ ಮುಂದೆ ಮಾಡಿದ.

"ಊಟದ ಖಾತೆ ನನಗೆ ಬಿಡು. ಊರಿನ ಗೋಡೆಗಳಿಗೆಲ್ಲ ಏನು ಬೇಕು ಅಂತ ಗೊತ್ತಿರೋನಿಗೆ ಒಂದು ಹಲ್ಲಿಲ್ಲದ ಬಾಯಿಗೆ ಏನು ಬೇಕು ಅಂತ ಗೊತ್ತಾಗಲ್ವಾ?"

"ಗೋಡೆ ಉಗಿಯಲ್ಲ ಕಣ್ರೀ" ಎಂದಳು ಹೆಂಡತಿ. "ನೋಡಿ, ಮಗು ಸರಿಯಾಗಿ ತಿನ್ನಲಿಲ್ಲ, ತೂಕ ಇಳೀತು ಅಂದ್ರೆ ನಾನು ಮತ್ತೆ ರಜೆ ಕೇಳಬೇಕು. ಈ ಸಲ ಕೇಳಿದ್ರೆ ಸಂಬಳ ಇಲ್ಲ, ಆಮೇಲೆ ಕೆಲಸಾನೂ ಇಲ್ಲ. ನಮ್ಮಕ್ಕ ಆಗಲೇ ಶುರು ಮಾಡಿದಾಳೆ, ಗಂಡಸಿನ ಕೈಲಿ ಮಗು ಬಿಟ್ಟು ಹೋಗ್ತೀಯಾ ಅಂತ."

"ನಿಮ್ಮಕ್ಕ ತಿಂಗಳು ಬಿಟ್ಟು ಬಂದು ನೋಡಲಿ. ಮಗುವಿನ ಮುಖದ ಬಣ್ಣವೇ ಬದಲಾಗಿರುತ್ತೆ" ಎಂದ ಬಣ್ಣದಯ್ಯ.

ಪಾಪ, ಅಷ್ಟು ಕರಾರುವಾಕ್ಕಾದ ಭವಿಷ್ಯವನ್ನು ಅವನು ಹಿಂದೆಂದೂ ನುಡಿದಿರಲಿಲ್ಲ.

ಯುದ್ಧ ಮರುದಿನವೇ ಆರಂಭವಾಯಿತು. ಮೊದಲು ಆಲೂಗಡ್ಡೆ ಬೇಯಿಸಿ ಮೆತ್ತಗೆ ಹಿಸುಕಿ ಇಟ್ಟ. ಮನೆಯಲ್ಲಿ ದೊರೆಸಾನಿ ಎಂದೇ ಕರೆಸಿಕೊಳ್ಳುತ್ತಿದ್ದ ಮಗಳು ಅದನ್ನು ನಾಲಿಗೆಯ ತುದಿಯಲ್ಲಿ ಪರಿಶೀಲಿಸಿ, ಗಲ್ಲದ ಮೇಲೆ ಇಳಿಬಿಟ್ಟಳು. ಬಾಳೆಹಣ್ಣನ್ನು ಎದುರಿನ ಗೋಡೆಗೆ ಕಳಿಸಿದಳು. ಸೇಬು ಬೇಯಿಸಿ ಕೊಟ್ಟರೆ ಅದು ಅಪ್ಪನ ಕನ್ನಡಕದ ಮೇಲೆ ಬಂದು ಕೂತಿತು. ಹಾಲಿನ ಬಿಳಿ, ಕೆನೆಯ ಬಿಳಿ ಎಲ್ಲವೂ ತಿರಸ್ಕೃತ. ಬಣ್ಣದಯ್ಯನಿಗೆ ಮಗಳು ತಿನ್ನದಿದ್ದುದಕ್ಕಿಂತ, ತನ್ನ ಮಗಳಾಗಿ ಬಿಳಿಯನ್ನು ಹೀಗೆ ಅವಮಾನಿಸಿದಳಲ್ಲ ಎಂಬುದೇ ಹೆಚ್ಚು ನೋವು.

ಆಮೇಲೆ ಕ್ಯಾರೆಟ್ ಬಂತು. ಬೇಯಿಸಿ ಅರೆದ ಆ ಕಿತ್ತಳೆ ಮುದ್ದೆಯನ್ನು ಚಮಚದಲ್ಲಿ ಎತ್ತಿದ್ದೇ ತಡ, ದೊರೆಸಾನಿಯ ಕಣ್ಣು ಅರಳಿತು. ಆದರೆ ಬಾಯಿ ಅರಳಲಿಲ್ಲ. ಹೇಗೆ ತೆರೆಯಬೇಕೆಂದು ತೋರಿಸಲು ಬಣ್ಣದಯ್ಯ ತಾನೇ ಆ ಎಂದು ಬಾಯಿ ತೆರೆದು ಒಂದು ಚಮಚ ನುಂಗಿದ. ಅವಳೂ ತೆರೆದಳು, ನುಂಗಿದಳು, ಇನ್ನೂ ಬೇಕೆಂದು ಮೇಜು ಬಡಿದಳು. ಎರಡನೆಯ ಚಮಚಕ್ಕೆ ಮತ್ತೆ ಬಾಯಿ ಬಂದ್; ಮೊದಲು ಅಪ್ಪ ತಿನ್ನಬೇಕು. ಹೀಗೆ ಅಪ್ಪನಿಗೊಂದು, ಮಗಳಿಗೊಂದು ಎಂಬ ಒಪ್ಪಂದ ಜಾರಿಗೆ ಬಂತು. ಮಗಳ ಚಮಚ ಹೆಬ್ಬೆರಳಿನ ಉಗುರಿನಷ್ಟು. ಅಪ್ಪನದು ಸಾರು ಬಡಿಸುವ ಸೌಟಿಗೆ ಹತ್ತಿರದ ಸಂಬಂಧಿ.

ಜೊತೆಗೆ ಮಿಕ್ಸಿಯದೊಂದು ತಕರಾರು ಇತ್ತು. ಎರಡು ಚಮಚ ಕ್ಯಾರೆಟ್ ಹಾಕಿದರೆ ಅದರ ಬ್ಲೇಡಿಗೆ ಸಿಗುವುದೇ ಇಲ್ಲ. ಜಾರಿನ ಗೋಡೆಗೆ ಅಂಟಿಕೊಂಡು ಅಣಕಿಸುತ್ತದೆ. ಅರ್ಧ ಜಾರಾದರೂ ತುಂಬಿದರೇ ಅದು ತಿರುಗುವುದು. ಮಗಳು ತಿಂದು ಉಳಿದದ್ದನ್ನು ಚೆಲ್ಲಲು ಬಣ್ಣದಯ್ಯನ ಕೈ ಬರುವುದಿಲ್ಲ. ಅಂಗಡಿಯಲ್ಲಿ ಡಬ್ಬದ ತಳದ ಬಣ್ಣವನ್ನೂ ಕೆರೆದು ತೆಗೆಯುವ ಜೀವ ಅದು. ಜಾರಿಗೇ ಬೆರಳು ಹಾಕಿ ಬಳಿದು ನೆಕ್ಕಿ, ತೇಗಿ, ಅಂಗಡಿಗೆ ಹೊರಡುತ್ತಿದ್ದ.

"ದಿನಾ ಒಂದೇ ಕೊಡ್ತಿದೀರಾ?" ಎಂದು ಹೆಂಡತಿ ಒಮ್ಮೆ ವಿಚಾರಿಸಿದಳು.

"ಛೆ, ಎಲ್ಲಾದರೂ ಉಂಟೇ. ಒಂದು ದಿನ ಕ್ಯಾರೆಟ್, ಒಂದು ದಿನ ಸಿಹಿಗುಂಬಳ, ಒಂದು ದಿನ ಕಿತ್ತಳೆ ಬಣ್ಣದ ಗೆಣಸು. ವೈವಿಧ್ಯ ಬೇಕಲ್ಲ" ಎಂದ. ಬಿಳಿಯಲ್ಲಿ ಅಷ್ಟೊಂದು ಬಗೆ ಕಾಣುವವನಿಗೆ ಈ ಮೂರೂ ಒಂದೇ ಬಣ್ಣ ಎಂಬುದು ಮಾತ್ರ ಹೊಳೆಯಲಿಲ್ಲ.

ಕೆಲವು ವಾರ ಕಳೆದ ಮೇಲೆ ಹೆಂಡತಿಗೆ ಸಣ್ಣದೊಂದು ಅನುಮಾನ. "ರೀ, ಇವಳ ಮೂಗು ಸ್ವಲ್ಪ ಹಳದಿ ಕಾಣಲ್ವಾ?"

ಬಣ್ಣದಯ್ಯ ಕರುಣೆಯಿಂದ ನಕ್ಕ. ಮಗು ಹುಟ್ಟುವ ಮೊದಲೇ ಅವನು ಮಲಗುವ ಕೋಣೆಗೆ 'ಮುಂಜಾನೆಯ ಮಂದಹಾಸ' ಎಂಬ ತಿಳಿಹಳದಿ ಬಣ್ಣವನ್ನು ತಾನೇ ಬೆರೆಸಿ ಬಳಿದಿದ್ದ. "ಅದು ಗೋಡೆಯ ನೆರಳು ಕಣೇ. ಹಳದಿ ಗೋಡೆಗೆ ಬಿದ್ದ ಬೆಳಕು ಮುಖಕ್ಕೆ ಹಳದಿಯಾಗೇ ಬರುತ್ತೆ. ನಿನಗೆ ಟಿಕೆಟ್ ಗೊತ್ತು, ನನಗೆ ಬಣ್ಣ ಗೊತ್ತು."

ಅತ್ತ ಅಂಗಡಿಯಲ್ಲಿ ಬೇರೊಂದು ಕಿರಿಕಿರಿ. ಅವನ ಅಂಗೈಗೆ ಹತ್ತಿದ ಹಳದಿ ಹೋಗುತ್ತಲೇ ಇರಲಿಲ್ಲ. ಸೋಪು ಆಯಿತು, ಬಣ್ಣ ಕರಗಿಸುವ ಥಿನ್ನರ್ ಆಯಿತು, ಕೊನೆಗೆ ಮರಳು ಕಾಗದದಲ್ಲಿ ಉಜ್ಜಿದ್ದೂ ಆಯಿತು; ಚರ್ಮ ಹೋಯಿತೇ ಹೊರತು ಹಳದಿ ಹೋಗಲಿಲ್ಲ. ಬಣ್ಣದ ಕಂಪನಿಯ ಸೇಲ್ಸ್‌ನವನು ಬಂದಾಗ ಬಣ್ಣದಯ್ಯ ಎರಡೂ ಕೈಗಳನ್ನು ಅವನ ಮೂಗಿಗೆ ಹಿಡಿದು ಜಾಡಿಸಿದ. "ಇದೇನಯ್ಯಾ ನಿಮ್ಮ ಹೊಸ ಹಳದಿ? ಗೋಡೆಗೆ ಹತ್ತಲ್ಲ, ಮನುಷ್ಯನಿಗೆ ಹತ್ತುತ್ತೆ." ಆ ಬಡಪಾಯಿ ಮೇಲಿನವರಿಗೆ ಹೇಳುತ್ತೇನೆಂದು ಬೆವರು ಒರೆಸಿಕೊಂಡು ಹೋದ.

ಹೆಂಡತಿಯ ವಾರದ ರಜೆಯ ದಿನ ಅತ್ತಿಗೆಯ ಸವಾರಿ ಬಂತು. ಹೆಂಡತಿಯ ಅಕ್ಕ, ತಪಾಸಣೆಗೆಂದೇ ಬಂದವಳು. ಬಣ್ಣದಯ್ಯ ಆಗಷ್ಟೇ ತಿಂಡಿ ಮುಗಿಸಿದ ದೊರೆಸಾನಿಯನ್ನು ಪದಕದ ಹಾಗೆ ಎತ್ತಿ ತೋರಿಸಿದ.

ಅಕ್ಕ ಚಪ್ಪಲಿಯನ್ನೂ ಬಿಡಲಿಲ್ಲ. "ಅಯ್ಯೋ, ಮಗು ಯಾಕೆ ಹಿಂಗೆ ಹಳದಿ ಆಗಿದೆ?"

"ಅದು ಗೋಡೆಯ ನೆರಳು ಅಕ್ಕಾ. ಬಣ್ಣ ಗೊತ್ತಿಲ್ಲದವರಿಗೆ ಹಾಗೆ ಕಾಣುತ್ತೆ. ಬನ್ನಿ, ಬಾಲ್ಕನಿಗೆ ಬನ್ನಿ, ಹಗಲು ಬೆಳಕಲ್ಲಿ ತೋರಿಸ್ತೀನಿ."

ಮೂವರೂ ಬಾಲ್ಕನಿಗೆ ನಡೆದರು. ಬಿಸಿಲು ಚೆನ್ನಾಗಿತ್ತು. ಅಲ್ಲಿ ಹಳದಿ ಗೋಡೆ ಇರಲಿಲ್ಲ, ಹಳದಿ ಪರದೆ ಇರಲಿಲ್ಲ. ಹಳದಿ ಮಗು ಮಾತ್ರ ಇತ್ತು.

ಅಭ್ಯಾಸಬಲದಿಂದ ಬಣ್ಣದಯ್ಯನ ಕೈ ತಾನಾಗಿಯೇ ಜೇಬಿಗೆ ಹೋಗಿ, ಬಣ್ಣಗಳ ಹೆಸರು, ಮಾದರಿ ಇರುವ ಅಂಗಡಿಯ ಕಾರ್ಡು ತೆಗೆಯಿತು. ಮಗಳ ಮೂಗಿಗೆ ಅದನ್ನು ತಾಗಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿದ. ಮೂಗು 'ಮಾಗಿದ ಮಾವು' ಎಂಬ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

"ಮಗುಗೆ ಕಾಮಾಲೆ ಆಗಿದ್ರೆ ಈ ಮನುಷ್ಯ ಕಾರ್ಡ್ ನೋಡ್ತಾ ಇದಾನಲ್ಲೇ" ಎಂದಳು ಅಕ್ಕ.

ಕಾಮಾಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ಬಣ್ಣದಯ್ಯ ಕಾರ್ಡನ್ನು ಜೇಬಿಗೆ ತುರುಕಿದ. ಹೆಂಡತಿ ಮಗುವನ್ನು ಕಸಿದುಕೊಂಡು ಮೆಟ್ಟಿಲಿಳಿದಳು. "ನಾನು ಅವತ್ತೇ ಕೇಳ್ದೆ. ಗೋಡೆ ಅಂದ್ರಿ. ನಿಮ್ಮ ಮಾತು ಕೇಳಿ ನಾನೂ ಗೋಡೆ ಅಂದ್ಕೊಂಡೆ." ಅಕ್ಕನೂ ಹತ್ತಿದ ಆಟೋದಲ್ಲಿ ದೊರೆಸಾನಿಯೊಬ್ಬಳದೇ ಮಾತು, ಅವಳಿಗೆ ಆಟೋ ಸವಾರಿ ಬಹಳ ಖುಷಿ. ಬಣ್ಣದಯ್ಯ ಅವಳ ಪುಟ್ಟ ಪಾದ ಹಿಡಿದುಕೊಂಡು ಕೂತಿದ್ದ. ಇವಳೊಬ್ಬಳು ನೆಟ್ಟಗಾದರೆ ಸಾಕು, ಇನ್ನು ಜನ್ಮದಲ್ಲಿ ಬಣ್ಣದ ವಿಷಯಕ್ಕೆ ಬಾಯಿ ಬಿಡುವುದಿಲ್ಲ ಎಂದು ಒಳಗೊಳಗೇ ಆಣೆ ಹಾಕುತ್ತಿದ್ದ.

ಡಾಕ್ಟರಮ್ಮ ಮಗುವಿನ ಹೊಟ್ಟೆ ಒತ್ತಿದರು, ಅಂಗಾಲು ನೋಡಿದರು, ತಕ್ಕಡಿಯಲ್ಲಿ ಕೂರಿಸಿದರು. ಬಣ್ಣದಯ್ಯ ಕಾರ್ಡನ್ನು ಮೇಜಿನ ಮೇಲಿಟ್ಟ. "ಡಾಕ್ಟ್ರೇ, ಮೂಗು ಈ ಸಾಲಿನದು, ಕೆನ್ನೆ ಅದರ ಪಕ್ಕದ್ದು."

ಡಾಕ್ಟರಮ್ಮ ಕಾರ್ಡನ್ನು ನೋಡಿ, ಅವನನ್ನು ನೋಡಿದರು. "ಏನು ಕೆಲಸ ನಿಮ್ಮದು?"

"ಬಣ್ಣ ಬೆರೆಸೋದು. ಬಿಳಿಯಲ್ಲಿ ನಾನು..." ಎಂದು ಶುರು ಮಾಡಿ ಆಣೆ ನೆನಪಾಗಿ ನಿಲ್ಲಿಸಿದ.

"ಬಿಳಿ ಗೊತ್ತಾ? ಒಳ್ಳೇದಾಯ್ತು. ಬನ್ನಿ ಇಲ್ಲಿ. ಮಗು ಕಣ್ಣಿನ ಬಿಳಿ ನೋಡಿ. ಯಾವ ಬಣ್ಣ?"

ಬಣ್ಣದಯ್ಯ ಬಗ್ಗಿ ನೋಡಿದ. ಮಗಳ ಕಣ್ಣು ಅವನನ್ನೇ ನೋಡಿ ನಗುತ್ತಿತ್ತು. "ಬಿಳಿ" ಎಂದ. ಮತ್ತೊಮ್ಮೆ ನೋಡಿ, "ಅಪ್ಪಟ ಬಿಳಿ" ಎಂದ.

"ಕಾಮಾಲೆ ಆಗಿದ್ರೆ ಮೊದಲು ಹಳದಿ ಆಗೋದು ಅದು. ಮೂಗು, ಕೆನ್ನೆ ಎಲ್ಲಾ ನೋಡಿದ್ರಿ, ನೋಡಬೇಕಾದ ಬಿಳಿ ಒಂದೇ ಒಂದು, ಅದನ್ನ ಬಿಟ್ರಿ. ಏನು ತಿನ್ನಿಸ್ತಿದೀರಾ?"

"ಕ್ಯಾರೆಟ್" ಎಂದ ಬಣ್ಣದಯ್ಯ. "ಕುಂಬಳ. ಗೆಣಸು." ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣಗಾಯಿತು. ಮೂರೂ ಒಂದೇ ಕಿತ್ತಳೆ ಬಣ್ಣದ ಡಬ್ಬಗಳ ಹಾಗೆ ಒಂದೇ ಕಪಾಟಿನಲ್ಲಿ ಸಾಲಾಗಿ ನಿಂತದ್ದು ಈಗ ಅವನಿಗೆ ಕಂಡಿತು.

ಡಾಕ್ಟರಮ್ಮ ನಕ್ಕೇಬಿಟ್ಟರು. "ಏನೂ ಆಗಿಲ್ಲಮ್ಮ. ಕ್ಯಾರೆಟ್ಟಿನ ಬಣ್ಣ ಚರ್ಮಕ್ಕೆ ಇಳಿದಿದೆ, ಅಷ್ಟೇ. ಕಡಿಮೆ ಮಾಡಿ, ಬೇರೆ ಬೇರೆ ಕೊಡಿ, ಕೆಲವು ವಾರದಲ್ಲಿ ತಾನಾಗೇ ಹೋಗುತ್ತೆ. ತೂಕ ಬಹಳ ಚೆನ್ನಾಗಿ ಏರಿದೆ."

ಹೆಂಡತಿ ದೊಡ್ಡದೊಂದು ಉಸಿರು ಬಿಟ್ಟು ಸ್ಟೂಲಿನ ಮೇಲೆ ಕುಸಿದಳು. ಬಣ್ಣದಯ್ಯನಿಗೆ ಡಾಕ್ಟರಮ್ಮನ ಕಾಲಿಗೆ ಬೀಳುವಷ್ಟು ಸಮಾಧಾನ. ಎರಡೂ ಕೈ ಎತ್ತಿ ಮುಗಿದ.

"ಒಂದ್ನಿಮಿಷ" ಎಂದರು ಡಾಕ್ಟರಮ್ಮ. "ಆ ಕೈ ತೋರಿಸಿ."

"ಇದು ಅಂಗಡೀದು ಡಾಕ್ಟ್ರೇ. ಹೊಸ ಹಳದಿ, ಕೆಟ್ಟ ಮಾಲು. ಥಿನ್ನರಿಗೂ ಹೋಗಲ್ಲ."

"ಹೌದಾ? ಸ್ವಲ್ಪ ಶೂ ಬಿಚ್ಚಿ."

ಬಣ್ಣದಯ್ಯ ಶೂ ಬಿಚ್ಚಿದ, ಕಾಲುಚೀಲ ಎಳೆದ. ಅಂಗಾಲು 'ಮಾಗಿದ ಮಾವು' ಬಣ್ಣದಲ್ಲಿ ಥಳಥಳಿಸುತ್ತಿತ್ತು. ಕಾಲಲ್ಲಿ ಬಣ್ಣ ಬೆರೆಸುವ ಅಂಗಡಿ ಎಲ್ಲೂ ಇಲ್ಲ.

"ಮಗು ಉಳಿಸಿದ್ದು ಯಾರು ತಿಂತಿದ್ರು?" ಎಂದರು ಡಾಕ್ಟರಮ್ಮ.

ಹೆಂಡತಿ ಮಗುವಿನ ಪಾದವನ್ನು ಗಂಡನ ಪಾದದ ಪಕ್ಕಕ್ಕೆ ಹಿಡಿದು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಗಲಾರಂಭಿಸಿದಳು. "ಎಲ್ಲರೂ ಮಗು ಅಮ್ಮನ ಹಾಗಿದೆ ಅಂತಿದ್ರು. ಇನ್ನು ಯಾರೂ ಅನ್ನಲ್ಲ ಬಿಡಿ." ತಪಾಸಣೆಗೆ ಬಂದ ಅಕ್ಕನೂ ಮುಖ ತಿರುಗಿಸಿ ನಗುತ್ತಿದ್ದಳು. ತೂಕ ಏರಿದ ಮೇಲೆ ಅವಳಿಗೆ ಹೇಳಲು ಬೇರೇನೂ ಉಳಿದಿರಲಿಲ್ಲ.

ಹೀಗೆ ಹೆಂಡತಿಯ ಕೆಲಸ ಉಳಿಯಿತು. ಊಟದ ಖಾತೆಯೂ ಬಣ್ಣದಯ್ಯನ ಹತ್ತಿರವೇ ಉಳಿಯಿತು. ಬಣ್ಣದ ಖಾತೆ ಮಾತ್ರ ಹೆಂಡತಿಗೆ ಹೋಯಿತು. ಕಂಪನಿಯ ಸೇಲ್ಸ್‌ನವನಿಗೆ ಅವನು ಫೋನ್ ಮಾಡಿ ಕ್ಷಮೆ ಕೇಳಿದ. ಕಾರಣ ಮಾತ್ರ ಹೇಳಲಿಲ್ಲ.

ಮುಂದಿನ ರಜೆಯ ದಿನ ಹೆಂಡತಿ ಬಟಾಣಿ ಬೇಯಿಸಿ ಅರೆದಳು. ಹಸಿರು ಚಮಚ ಕಂಡದ್ದೇ ದೊರೆಸಾನಿಯ ತುಟಿ ಬಿಗಿಯಿತು. ಹೆಂಡತಿ ಹೆದರುವವಳೇ? ಬೆಳಗಿನ ಬಸ್ಸಿನ ಬಾಗಿಲಲ್ಲಿ ನೇತಾಡುವವರನ್ನೇ ಒಳಗೆ ಅಟ್ಟಿದವಳು. "ಒಳಗೆ ಹೋಗಿ, ಒಳಗೆ ಹೋಗಿ, ಒಳಗೆಲ್ಲಾ ಖಾಲಿ ಇದೆ" ಎಂದು ರಾಗವಾಗಿ ಕೂಗಿದಳು. ದೊರೆಸಾನಿ ಬೆರಗಾಗಿ ಬಾಯಿ ತೆರೆದಳು. ಬಟಾಣಿ ಹತ್ತಿಕೊಂಡಿತು. ಹತ್ತಿದ್ದು ಇಳಿಯಲಿಲ್ಲ.

ಪಕ್ಕದಲ್ಲಿ ಕೂತಿದ್ದ ಬಣ್ಣದಯ್ಯನಿಗೆ ತಿಂಗಳಿನ ಅಭ್ಯಾಸ. ಮಗಳಿಗೊಂದು ಆಯಿತಲ್ಲ, ಇನ್ನು ಅಪ್ಪನಿಗೊಂದು ಎಂದು ತನಗೆ ಗೊತ್ತಿಲ್ಲದೆಯೇ ಕಣ್ಣು ಮುಚ್ಚಿ ಆ ಎಂದು ಬಾಯಿ ತೆರೆದು ಕಾದ.

ಹೆಂಡತಿ ಚಮಚವನ್ನು ಅವನ ಮೂಗಿನ ಮುಂದಿನಿಂದ ಮಗಳ ಕಡೆಗೆ ತಿರುಗಿಸಿದಳು.

"ನಿಮ್ಮ ಸ್ಟಾಪ್ ಆವಾಗ್ಲೇ ಬಂತು ಕಣ್ರೀ. ಇಳ್ಕೊಳ್ಳಿ."